ಕಂತು ತೀರಿದ ಮನೆ ನಿಮ್ಮ ಹೆಸರಿಗಾಗುವವರೆಗೆ

ಸರ್ಕಾರಿ ಸಂಸ್ಥೆಯೊಂದು ಕಟ್ಟಿಸಿಕೊಟ್ಟ ಎರಡು ಕೋಣೆಯ ಮನೆಯಲ್ಲಿ, ವಿಜಯಪುರದಲ್ಲಿ, ನಾನು ಬೆಳೆದೆ. ಪ್ರತಿ ತಿಂಗಳ ಮೊದಲ ವಾರದಲ್ಲಿ ಅಪ್ಪ ಬ್ಯಾಂಕಿಗೆ ಹೋಗಿ ಕಂತು ತುಂಬಿ ಬರುತ್ತಿದ್ದರು. ಚಲನ್ನಿನ ತಮ್ಮ ಪ್ರತಿಯನ್ನು ದಬ್ಬಣದಿಂದ ದಾರಕ್ಕೆ ಪೋಣಿಸಿ ಕಬ್ಬಿಣದ ಟ್ರಂಕಿನಲ್ಲಿ ಇಡುತ್ತಿದ್ದರು. ಕೊನೆಯ ಕಂತು ತುಂಬಿದ ದಿನ ಅವ್ವ ಹೋಳಿಗೆ ಮಾಡಿದ್ದಳು, ಅಪ್ಪ "ಇನ್ನ ಮನಿ ನಮ್ಮದಾತು" ಎಂದಿದ್ದರು. ಆದರೆ ಮನೆ ನಮ್ಮದಾಗಿರಲಿಲ್ಲ. ಕಂತು ಮುಗಿದ ಮೇಲೆ ಸಂಸ್ಥೆಯಿಂದ ಖರೀದಿ ಪತ್ರ ಬರೆಯಿಸಿಕೊಂಡು ನೋಂದಣಿ ಮಾಡಿಸಬೇಕು ಎಂಬುದು ಅಪ್ಪನಿಗೆ ತಿಳಿದಿರಲಿಲ್ಲ, ಯಾರೂ ತಿಳಿಸಿಯೂ ಇರಲಿಲ್ಲ. ಅವರು ತೀರಿಕೊಂಡು ಕೆಲವು ವರ್ಷಗಳಾದ ಮೇಲೆ, ಮಾಳಿಗೆ ಸೋರತೊಡಗಿ ದುರಸ್ತಿಗೆಂದು ಸಾಲ ಕೇಳಲು ಹೋದಾಗ, ಬ್ಯಾಂಕಿನವರು ಉತಾರ, ಅಂದರೆ ಮನೆ ಯಾರ ಹೆಸರಿನಲ್ಲಿದೆ ಎಂದು ತೋರಿಸುವ ದಾಖಲೆಯ ನಕಲು, ಕೇಳಿದರು. ಉತಾರದಲ್ಲಿ ಇನ್ನೂ ಸಂಸ್ಥೆಯ ಹೆಸರೇ ಇತ್ತು. ಅಲ್ಲಿಂದ ಖರೀದಿ ಪತ್ರ ಕೈಗೆ ಬರುವವರೆಗೆ ನಾನು ತಿರುಗಿದ ತಿರುಗಾಟದಲ್ಲಿ ಕಲಿತದ್ದನ್ನು, ಆಮೇಲೆ ನಮ್ಮ ಓಣಿಯ ಹತ್ತಾರು ಮನೆಯವರಿಗೆ ಅರ್ಜಿ ಬರೆದುಕೊಡುವಾಗ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸರ್ಕಾರ ಬಡವರಿಗೆಂದು ಕಟ್ಟಿಸಿದ ಮನೆಯನ್ನು ಅದರಲ್ಲಿ ವಾಸವಿರುವವರಿಗೇ ಮಾರಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ ಹೌದು ಎಂದೇ. ಇಪ್ಪತ್ತು ವರ್ಷ ಬಾಡಿಗೆಯೋ ಕಂತೋ ತುಂಬಿ, ನೆಲಕ್ಕೆ ಫರಸಿ ಹಾಕಿಸಿ, ಹಿತ್ತಲಲ್ಲಿ ಕರಿಬೇವು ಬೆಳೆಸಿದವರು ಕೊನೆಗೂ ಒಂದು ನೋಟಿಸಿಗೆ ಅಂಜಿ ಬದುಕುವುದು ನ್ಯಾಯವಲ್ಲ. ಆದರೆ ಈ ಹಕ್ಕು ಎಲ್ಲ ಮನೆಗಳಿಗೂ ಒಂದೇ ರೀತಿಯಲ್ಲಿ ಇಲ್ಲ. ಇರುವ ಕಡೆಯೂ ಅದು ತಾನಾಗಿ ನಡೆದು ಬರುವುದಿಲ್ಲ.

ಮನೆ ಯಾವ ಬಗೆಯದು ಎಂದು ಮೊದಲು ತಿಳಿಯಿರಿ

"ಸರ್ಕಾರಿ ಮನೆ" ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದರೊಳಗೆ ಐದಾರು ಬಗೆಗಳಿವೆ, ಮತ್ತು ಯಾವ ಕಚೇರಿಯ ಬಾಗಿಲು ತಟ್ಟಬೇಕು ಎಂಬುದು ಇದರ ಮೇಲೆಯೇ ನಿಂತಿದೆ. 1962ರ ಕಾಯ್ದೆಯಡಿ ಕೆಲಸ ಮಾಡುವ ಕರ್ನಾಟಕ ಗೃಹ ಮಂಡಳಿಯ ಮನೆಗಳು ಮತ್ತು ಬೆಳಗಾವಿಯ ಬುಡಾದಂತಹ ಅಭಿವೃದ್ಧಿ ಪ್ರಾಧಿಕಾರಗಳ ಹಂಚಿಕೆಗಳು ಬಹುಪಾಲು ಗುತ್ತಿಗೆ ಮತ್ತು ಮಾರಾಟದ ಕರಾರಿನ ಮೇಲೆ ಕೊಟ್ಟಂಥವು. ಜನರ ಬಾಯಲ್ಲಿ ಇದು "ಲೀಸ್ ಕಮ್ ಸೇಲ್". ಕರಾರಿನಲ್ಲಿ ಬರೆದ ಅವಧಿಯವರೆಗೆ ನೀವು ಕಾನೂನಿನ ಕಣ್ಣಿನಲ್ಲಿ ಗುತ್ತಿಗೆದಾರರು, ಅವಧಿ ಮುಗಿದು ಹಣ ಪೂರ್ತಿ ಸಂದಾಯವಾಗಿ ಷರತ್ತುಗಳು ಈಡೇರಿದ ಮೇಲೆ ಖರೀದಿ ಪತ್ರ ಕೇಳುವ ಹಕ್ಕುಳ್ಳವರು. ನಾನು ಕಂಡಂತೆ ಅತಿ ಹೆಚ್ಚು ಜನ ಸಿಕ್ಕಿಬಿದ್ದಿರುವುದು ಇದೇ ಬಗೆಯಲ್ಲಿ: ಹಣ ತೀರಿದೆ, ಪತ್ರವಾಗಿಲ್ಲ.

ಕೊಳಗೇರಿ ಅಭಿವೃದ್ಧಿ ಮಂಡಳಿಯ ಮನೆಗಳ ದಾರಿ ಬೇರೆ. 1973ರ ಕೊಳಚೆ ಪ್ರದೇಶಗಳ ಕಾಯ್ದೆಯಡಿ ನಿಮ್ಮ ಓಣಿ ಘೋಷಣೆಯಾಗಿದೆಯೇ, ನೆಲ ಸರ್ಕಾರದ್ದೇ, ನಗರಸಭೆಯದೇ ಅಥವಾ ಖಾಸಗಿಯವರದೇ, ಖಾಸಗಿಯದಾಗಿದ್ದರೆ ಮಂಡಳಿ ಅದನ್ನು ಸ್ವಾಧೀನಪಡಿಸಿಕೊಂಡಿದೆಯೇ ಎಂಬ ಮೂರು ಸಂಗತಿಗಳನ್ನು ಮೊದಲು ತಿಳಿಯಬೇಕು. ಗೋಡೆ ಮಂಡಳಿಯದಾಗಿದ್ದು ನೆಲ ಇನ್ನೊಬ್ಬರದಾಗಿದ್ದರೆ ಹಕ್ಕುಪತ್ರ ಎಷ್ಟು ಬೇಡಿದರೂ ಕಡತ ಮುಂದೆ ಸರಿಯುವುದಿಲ್ಲ. ಆಶ್ರಯ, ಬಸವ ವಸತಿ, ಅಂಬೇಡ್ಕರ್ ನಿವಾಸ ಮುಂತಾದ ಯೋಜನೆಗಳ ಮನೆಗಳು ರಾಜೀವ್ ಗಾಂಧಿ ವಸತಿ ನಿಗಮದ ಮೂಲಕ, ಗ್ರಾಮ ಪಂಚಾಯಿತಿ ಅಥವಾ ನಗರಸಭೆಯ ಆಯ್ಕೆಯ ಮೇಲೆ ಬಂದವು. ಅವುಗಳಲ್ಲಿ ಹಕ್ಕುಪತ್ರವೇ ಮೂಲ ಕಾಗದ. ಸರ್ಕಾರಿ ಜಾಗದಲ್ಲಿ ತಾವೇ ಕಟ್ಟಿಕೊಂಡ ಮನೆಯಾದರೆ ಅದು ಭೂ ಕಂದಾಯ ಕಾಯ್ದೆಯ 94ಸಿ (ಹಳ್ಳಿಯಲ್ಲಾದರೆ) ಅಥವಾ 94ಸಿಸಿ (ಪಟ್ಟಣದಲ್ಲಾದರೆ) ಪ್ರಕರಣವಾಗುತ್ತದೆ, ಅದರ ಅರ್ಜಿ ತಹಶೀಲ್ದಾರರಿಗೆ ಹೋಗುತ್ತದೆ. ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳಲ್ಲಿ ಆಲಮಟ್ಟಿ ಹಿನ್ನೀರಿನಿಂದ ಎದ್ದು ಬಂದ ಪುನರ್ವಸತಿ ಕೇಂದ್ರಗಳ ಮನೆಗಳಿಗೆ ಮತ್ತೊಂದು ಕಡತ. ಅಲ್ಲಿ ಪುನರ್ವಸತಿ ಅಧಿಕಾರಿಗಳು ಕೊಟ್ಟ ಹಕ್ಕುಪತ್ರದಲ್ಲಿ ಸಂತ್ರಸ್ತರ ಹೆಸರು ಮತ್ತು ನಿವೇಶನ ಸಂಖ್ಯೆ ಸರಿ ಇರುವುದೇ ಮುಖ್ಯ.

ಇನ್ನು ಲೋಕೋಪಯೋಗಿ ಇಲಾಖೆಯ ವಸತಿಗೃಹ, ಪೊಲೀಸ್ ಲೈನು, ರೈಲ್ವೆ ಕ್ವಾರ್ಟರ್ಸ್ ಇವು ನೌಕರಿಗೆ ಅಂಟಿಕೊಂಡ ಮನೆಗಳು. ಇವುಗಳನ್ನು ಕೊಳ್ಳಲು ದಾರಿಯಿಲ್ಲ, ಇರಲೂಬಾರದು, ಏಕೆಂದರೆ ವರ್ಗವಾಗಿ ಬರುವ ಮುಂದಿನ ನೌಕರನಿಗೆ ಅದೇ ಮನೆ ಬೇಕು. ನಿವೃತ್ತಿಯ ನಂತರವೂ ಅಲ್ಲೇ ಉಳಿದವರನ್ನು ತೆರವುಗೊಳಿಸಲು ರಾಜ್ಯ ಸರ್ಕಾರದ ಮನೆಗಳಿಗೆ 1974ರ ಕರ್ನಾಟಕ ಸಾರ್ವಜನಿಕ ಆವರಣಗಳ ಕಾಯ್ದೆಯೇ ಇದೆ, ರೈಲ್ವೆಯ ಮನೆಗಳಿಗೆ 1971ರ ಕೇಂದ್ರ ಕಾಯ್ದೆ ಇದೆ. ಬೆಳಗಾವಿಯ ಕ್ಯಾಂಪ್ ಭಾಗದಲ್ಲಿ ಮನೆ ಇರುವವರು ನೆಲ ರಕ್ಷಣಾ ಇಲಾಖೆಯದೇ ಎಂಬುದನ್ನು ದಂಡು ಮಂಡಳಿಯ (ಕಂಟೋನ್ಮೆಂಟ್ ಬೋರ್ಡಿನ) ದಾಖಲೆಯಲ್ಲಿ ನೋಡಿಕೊಳ್ಳದೆ ಯಾರಿಗೂ ಮುಂಗಡ ಕೊಡಬೇಡಿ.

ಪೌರಕಾರ್ಮಿಕರ ಕಾಲನಿಗಳ ಬಗ್ಗೆ ಮಾತ್ರ ನನಗೆ ಬೇರೆ ಅಭಿಪ್ರಾಯವಿದೆ. ಅಜ್ಜಿ, ಮಗಳು, ಮೊಮ್ಮಗ ಹೀಗೆ ಮೂರು ತಲೆಮಾರು ಊರಿನ ಹೊಲಸು ಬಳಿದು ಬದುಕಿದ ಮನೆಯನ್ನು, ನೌಕರಿ ಮುಗಿಯಿತೆಂದು ಖಾಲಿ ಮಾಡಿ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಅಂತಹ ಕಡೆ ಒಬ್ಬೊಬ್ಬರೇ ಅರ್ಜಿ ಹಾಕಿದರೆ ಪ್ರಯೋಜನವಿಲ್ಲ. ನಗರಸಭೆಯ ಸ್ಥಿರಾಸ್ತಿ ಪರಭಾರೆಯಾಗಬೇಕಾದರೆ, ಅಂದರೆ ಬೇರೆಯವರ ಹೆಸರಿಗೆ ಹೋಗಬೇಕಾದರೆ, ಸಾಮಾನ್ಯ ಸಭೆಯ ಠರಾವು ಬೇಕು, ಅದರ ಮೇಲೆ ಸರ್ಕಾರದ ಮಂಜೂರಾತಿಯೂ ಬೇಕು. ಆದ್ದರಿಂದ ಇಡೀ ಕಾಲನಿಯವರು ಮನೆ ಸಂಖ್ಯೆ, ವಾಸದ ವರ್ಷ, ವಿದ್ಯುತ್ ಬಿಲ್ಲು ಸೇರಿಸಿದ ಒಂದೇ ಪಟ್ಟಿಯನ್ನು ಮಾಡಿ, ನಿಮ್ಮ ವಾರ್ಡಿನ ಸದಸ್ಯರ ಮೂಲಕ ವಿಷಯವನ್ನು ಸಭೆಯ ಮುಂದೆ ತರಿಸಿ, ಠರಾವಿನ ದೃಢೀಕೃತ ನಕಲನ್ನು ಪಡೆದು ಇಟ್ಟುಕೊಳ್ಳಿ.

ಕಾಗದ ಕೂಡಿಸುವಾಗ

ಹಂಚಿಕೆ ಪತ್ರ, ಗುತ್ತಿಗೆ ಕರಾರು, ಸ್ವಾಧೀನ ಪತ್ರ, ಕಂತಿನ ಚಲನ್‌ಗಳು, ತೆರಿಗೆ ತುಂಬಿದ ಪಾವತಿಗಳು, ಹಂಚಿಕೆದಾರರ ಆಧಾರ್ ಇಷ್ಟು ಕೈಯಲ್ಲಿದ್ದರೆ ಅರ್ಧ ಕೆಲಸವಾದಂತೆ. ಯಾವುದಾದರೂ ಕಳೆದಿದ್ದರೆ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಹಿಂಬರಹ ಪಡೆದು, ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಸಂಸ್ಥೆಯಿಂದ ದೃಢೀಕೃತ ನಕಲು ಕೇಳಬೇಕಾಗುತ್ತದೆ.

ಆದರೆ ಕಾಗದ ಇಲ್ಲದ್ದಕ್ಕಿಂತ ಕಾಗದದಲ್ಲಿ ಹೆಸರು ಹೊಂದದ್ದು ನಮ್ಮ ಕಡೆ ದೊಡ್ಡ ತೊಡಕು. ಹಂಚಿಕೆ ಪತ್ರದಲ್ಲಿ "ಶಿವವ್ವ", ಆಧಾರ್‌ನಲ್ಲಿ "ಶಿವಮ್ಮ", ಪಡಿತರ ಚೀಟಿಯಲ್ಲಿ "ಶಿವಾಬಾಯಿ" ಎಂದಿರುವ ಒಬ್ಬ ತಾಯಿಯ ಕಡತವನ್ನು ನಾನೇ ಹಿಡಿದುಕೊಂಡು ನಾಲ್ಕು ಸಲ ಹೋಗಿದ್ದೇನೆ. ಮೂವರೂ ಒಬ್ಬಳೇ ಎಂದು ಓಣಿಯ ಮಂದಿಗೆಲ್ಲ ಗೊತ್ತು. ಕಡತಕ್ಕೆ ಮಾತ್ರ ಅವರು ಮೂವರು ಬೇರೆ ಬೇರೆ ಹೆಂಗಸರು. ನೋಟರಿ ಮುಂದೆ ಪ್ರಮಾಣಪತ್ರ ಮಾಡಿಸಿ ಮೂರೂ ಹೆಸರು ಒಬ್ಬರವೇ ಎಂದು ಬರೆಸಿದರೆ ಕೆಲವೆಡೆ ಸಾಕಾಗುತ್ತದೆ. ಆದರೆ ಸಾಧ್ಯವಿದ್ದರೆ ಮೊದಲು ಆಧಾರ್ ಹೆಸರನ್ನೇ ಹಂಚಿಕೆ ಪತ್ರಕ್ಕೆ ಹೊಂದುವಂತೆ ತಿದ್ದಿಸಿ ಅಥವಾ ಸಂಸ್ಥೆಯಲ್ಲಿ ಹಂಚಿಕೆ ಪತ್ರದ ತಿದ್ದುಪಡಿಗೆ ಅರ್ಜಿ ಕೊಡಿ. ಇದನ್ನು ಖರೀದಿ ಪತ್ರಕ್ಕೆ ಮೊದಲೇ ಮುಗಿಸಬೇಕು. ನೋಂದಣಿಯಾದ ಪತ್ರದಲ್ಲಿ ತಪ್ಪು ಹೆಸರು ಕೂತರೆ ತಿದ್ದುಪಡಿ ಪತ್ರಕ್ಕೆ ಮತ್ತೆ ಸಂಸ್ಥೆಯ ಅಧಿಕಾರಿಯ ಸಹಿ ಬೇಕು, ಮತ್ತೆ ಅಷ್ಟೇ ತಿರುಗಾಟ.

ಹಂಚಿಕೆ ಗಂಡನ ಹೆಸರಿನಲ್ಲಿ ಮಾತ್ರ ಇದ್ದರೆ, ಹೆಂಡತಿಯ ಹೆಸರನ್ನೂ ಜಂಟಿಯಾಗಿ ಸೇರಿಸುವಂತೆ ಇದೇ ಹಂತದಲ್ಲಿ ಲಿಖಿತವಾಗಿ ಕೇಳಿಕೊಳ್ಳಿ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಮನೆ ಮಹಿಳೆಯ ಹೆಸರಿನಲ್ಲಿ ಅಥವಾ ಜಂಟಿ ಹೆಸರಿನಲ್ಲಿ ಇರಬೇಕೆಂದು ನಿಯಮವೇ ಇದೆ. ಹಳೆಯ ಮನೆಗಳಿಗೆ ಆ ನಿಯಮವಿಲ್ಲದಿದ್ದರೂ ಆ ಬುದ್ಧಿ ನಮಗೆ ಇರಬೇಕು. ಕುಡಿತದ ಸಾಲಕ್ಕೆ ಮನೆ ಹೋದ ಎರಡು ಸಂಸಾರಗಳು ನಮ್ಮ ಓಣಿಯಲ್ಲೇ ಇವೆ, ಎರಡರಲ್ಲೂ ಕಾಗದದಲ್ಲಿ ಹೆಂಡತಿಯ ಹೆಸರಿರಲಿಲ್ಲ.

ಬಾಕಿಯ ಲೆಕ್ಕ

ಅರ್ಜಿ ಕೊಡುವ ಮುನ್ನ ಸಂಸ್ಥೆಯಿಂದ ನಿಮ್ಮ ಖಾತೆಯ ಪೂರ್ತಿ ಲೆಕ್ಕಪಟ್ಟಿಯನ್ನು ಬರವಣಿಗೆಯಲ್ಲಿ ಪಡೆಯಿರಿ. ಅಸಲು, ಬಡ್ಡಿ, ದಂಡ ಬಡ್ಡಿ, ಹೆಚ್ಚುವರಿ ಜಾಗವಿದ್ದರೆ ಅದರ ಬೆಲೆ, ನಿರ್ವಹಣಾ ಶುಲ್ಕ ಹೀಗೆ ಬೇರೆ ಬೇರೆ ಸಾಲಿನಲ್ಲಿ ಬರೆದ ಪಟ್ಟಿ ಇರಬೇಕೇ ಹೊರತು ಒಟ್ಟು ಮೊತ್ತದ ಒಂದು ಚೀಟಿಯಲ್ಲ. ಮನೆಗೆ ಬಂದು ಚಲನ್ ದಾರ ಬಿಚ್ಚಿ, ತಿಂಗಳು ತಿಂಗಳು ತಾಳೆ ನೋಡಿ. ನಮ್ಮ ಮನೆಯ ಪಟ್ಟಿಯಲ್ಲಿ ಹನ್ನೊಂದು ಕಂತುಗಳನ್ನು ತುಂಬಿಲ್ಲವೆಂದು ತೋರಿಸಿ ಅದರ ಮೇಲೆ ವರ್ಷಗಟ್ಟಲೆ ದಂಡ ಬಡ್ಡಿ ಹಾಕಿದ್ದರು. ಆ ಹನ್ನೊಂದೂ ಚಲನ್‌ಗಳು ಅಪ್ಪನ ದಾರದಲ್ಲಿದ್ದವು, ಬ್ಯಾಂಕಿನ ದುಂಡು ಮುದ್ರೆಯ ನೀಲಿ ಬಣ್ಣ ಮಾಸಿದ್ದರೂ ದಿನಾಂಕ ಓದಬಹುದಾಗಿತ್ತು. ಆ ಕಾಗದದ ಚೂರುಗಳು ಇರದಿದ್ದರೆ ಆ ಹಣವನ್ನು ಎರಡನೆಯ ಸಲ ತುಂಬುವುದೊಂದೇ ದಾರಿ ಉಳಿಯುತ್ತಿತ್ತು.

ಬಾಕಿ ನಿಜವೇ ಆಗಿದ್ದರೆ, ದಂಡ ಬಡ್ಡಿ ಮನ್ನಾ ಮಾಡಿ ಒಂದೇ ಸಲಕ್ಕೆ ತೀರಿಸುವ ಯೋಜನೆ ಆಗ ಜಾರಿಯಲ್ಲಿದೆಯೇ ಎಂದು ಕೇಳಿ ನೋಡಿ. ಪೂರ್ತಿ ತೀರಿಸಿದ ಮೇಲೆ ಬೇಬಾಕಿ ಪತ್ರ (ಬಾಕಿ ಏನೂ ಇಲ್ಲವೆಂಬ ಪತ್ರ) ಪಡೆಯದೆ ಮುಂದಕ್ಕೆ ಹೋಗಬೇಡಿ.

ಈ ಹಂತದಲ್ಲಿಯೇ ಮನೆಯ ಅಳತೆಯ ಪ್ರಶ್ನೆಯೂ ಏಳುತ್ತದೆ. ಹಂಚಿಕೆಯ ನಕ್ಷೆಗಿಂತ ಆಚೆಗೆ ಪಡಸಾಲೆ ಚಾಚಿದ್ದರೆ, ಮೂಲೆಯ ಖುಲ್ಲಾ ಜಾಗವನ್ನು ಒಳಗೆ ಹಾಕಿಕೊಂಡಿದ್ದರೆ, ಸ್ಥಳ ಪರಿಶೀಲನೆಗೆ ಬಂದ ಇಂಜಿನಿಯರ್ ಅದನ್ನು ವರದಿಯಲ್ಲಿ ಬರೆಯುತ್ತಾರೆ. ಮುಚ್ಚಿಡುವುದಕ್ಕಿಂತ ಮೊದಲೇ ಒಪ್ಪಿಕೊಂಡು, ಆ ಜಾಗವನ್ನು ದರ ಕಟ್ಟಿ ಕೊಡುತ್ತಾರೆಯೇ ಎಂದು ಕೇಳುವುದು ಉತ್ತಮ. ರಸ್ತೆ ಅಥವಾ ಉದ್ಯಾನದ ಜಾಗವಾಗಿದ್ದರೆ ಬಿಟ್ಟುಕೊಡಲೇಬೇಕು.

ಖರೀದಿ ಪತ್ರ ಮತ್ತು ನೋಂದಣಿ

ಸ್ವತ್ತು ವರ್ಗಾವಣೆ ಕಾಯ್ದೆಯ 54ನೆಯ ಕಲಮಿನಂತೆ 100 ರೂಪಾಯಿ ಅಥವಾ ಅದಕ್ಕೂ ಹೆಚ್ಚು ಬೆಲೆಯ ಸ್ಥಿರಾಸ್ತಿ ಮಾರಾಟ ನೋಂದಾಯಿತ ಪತ್ರದ ಮೂಲಕವೇ ಆಗಬೇಕು. ಹಂಚಿಕೆ ಪತ್ರ, ಬೇಬಾಕಿ ಪತ್ರ, ಕಂತಿನ ಚಲನ್ ಯಾವುದೂ ಇದರ ಜಾಗದಲ್ಲಿ ನಿಲ್ಲುವುದಿಲ್ಲ.

ಸಂಸ್ಥೆ ತನ್ನ ನಮೂನೆಯಲ್ಲೇ ಖರೀದಿ ಪತ್ರದ ಕರಡು ಕೊಡುತ್ತದೆ. ಅದನ್ನು ಮನೆಗೆ ತಂದು ಗಟ್ಟಿಯಾಗಿ ಓದಿಸಿ ಕೇಳಿ. ಮನೆ ಸಂಖ್ಯೆ, ಸರ್ವೆ ಸಂಖ್ಯೆ ಅಥವಾ ಸಿಟಿಎಸ್ (ನಗರ ಭೂಮಾಪನದ) ಸಂಖ್ಯೆ, ಉದ್ದಗಲ ಮತ್ತು ನಾಲ್ಕು ದಿಕ್ಕಿನ ಚೆಕ್ಕುಬಂದಿ ಸರಿಯಾಗಿವೆಯೇ ಎಂಬುದನ್ನು ಮನೆಯ ಮುಂದೆ ನಿಂತೇ ನೋಡಬೇಕು. ಪೂರ್ವಕ್ಕೆ ರಸ್ತೆ ಎಂದು ಬರೆದಿದ್ದು ಅಲ್ಲಿ ನೆರೆಯವರ ಗೋಡೆ ಇದ್ದರೆ ಪತ್ರ ಮಾಡಿಸಿಯೂ ಜಗಳ ಕೊಂಡಂತೆ. ಆಮೇಲೆ ಷರತ್ತುಗಳನ್ನು ಓದಿ. ಇಷ್ಟು ವರ್ಷ ಮಾರಬಾರದು, ವಾಸಕ್ಕೆ ಮಾತ್ರ ಬಳಸಬೇಕು ಎಂಬ ಮಾತುಗಳಿದ್ದರೆ ಅವು ಎಂದಿನಿಂದ ಎಂದಿನವರೆಗೆ ಎಂದು ಸ್ಪಷ್ಟ ಮಾಡಿಕೊಳ್ಳಿ.

ಈಗ ನೋಂದಣಿಯ ಅರ್ಜಿ, ಶುಲ್ಕ, ಸಮಯ ಗೊತ್ತುಪಡಿಸುವುದು ಎಲ್ಲವೂ ಕಾವೇರಿ 2.0 ತಂತ್ರಾಂಶದಲ್ಲಿ ನಡೆಯುತ್ತವೆ, ಮತ್ತು ಇ-ಖಾತಾ, ಅಂದರೆ ಗಣಕದಲ್ಲಿ ಏರಿದ ಆಸ್ತಿ ದಾಖಲೆ, ಇಲ್ಲದೆ ನೋಂದಣಿ ಆಗುವುದಿಲ್ಲ. ಆದ್ದರಿಂದ ಪಾಲಿಕೆ ಅಥವಾ ನಗರಸಭೆಯ ಇ-ಆಸ್ತಿಯಲ್ಲಿ, ಹಳ್ಳಿಯಾದರೆ ಪಂಚಾಯಿತಿಯ ಇ-ಸ್ವತ್ತಿನಲ್ಲಿ, ನಿಮ್ಮ ಮನೆ ಯಾರ ಹೆಸರಿಗೆ ಯಾವ ಅಳತೆಯಲ್ಲಿ ಏರಿದೆ ಎಂದು ತಿಂಗಳು ಮೊದಲೇ ನೋಡಿಡಿ. ಮುದ್ರಾಂಕ ಶುಲ್ಕವನ್ನು ಪತ್ರದಲ್ಲಿ ನಮೂದಾದ ಹಂಚಿಕೆಯ ಬೆಲೆಯ ಮೇಲೆ ಕಟ್ಟುತ್ತಾರೆಯೇ, ಸರ್ಕಾರ ಗೊತ್ತುಮಾಡಿದ ಇಂದಿನ ಮಾರ್ಗಸೂಚಿ ಬೆಲೆಯ ಮೇಲೆಯೇ ಎಂಬುದರ ಮೇಲೆ ಖರ್ಚಿನಲ್ಲಿ ಬಹಳ ಅಂತರ ಬೀಳುತ್ತದೆ. ಹಂಚಿಕೆ ಮತ್ತು ಕರಾರಿನ ಪ್ರತಿಗಳನ್ನು ತೋರಿಸಿ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಲೆಕ್ಕ ಮಾಡಿಸಿದ ಮೇಲೆಯೇ ಹಣ ತುಂಬಿ.

ಇನ್ನೊಂದು ಸೂಕ್ಷ್ಮವಿದೆ. ಸಂಸ್ಥೆಯ ಅಧಿಕಾರಿ ಪತ್ರಕ್ಕೆ ಸಹಿ ಹಾಕಿದ ದಿನದಿಂದ ನಾಲ್ಕು ತಿಂಗಳೊಳಗೆ ಅದನ್ನು ನೋಂದಣಿಗೆ ಹಾಜರುಪಡಿಸಬೇಕು. ತಪ್ಪಿದರೆ ದಂಡ ಕೊಟ್ಟು ಇನ್ನು ನಾಲ್ಕು ತಿಂಗಳ ಅವಕಾಶ ಕೇಳಬಹುದು, ಅದೂ ಮೀರಿದರೆ ಹೊಸ ಪತ್ರವೇ ಬೇಕು. ಸಹಿಯಾದ ಪತ್ರವನ್ನು ಪಂಚಮಿ ಕಳೆಯಲಿ, ದಸರಾ ಕಳೆಯಲಿ ಎಂದು ದೇವರ ಕೋಣೆಯಲ್ಲಿ ಇಟ್ಟು ಅವಧಿ ಮೀರಿಸಿದವರನ್ನು ನಾನು ನೋಡಿದ್ದೇನೆ.

ನೋಂದಣಿಯಾದ ಮೇಲೆ ಕೆಲಸ ಮುಗಿಯುವುದಿಲ್ಲ. ಖಾತಾ ನಿಮ್ಮ ಹೆಸರಿಗೆ ಬದಲಾಗಬೇಕು. ಸಿಟಿ ಸರ್ವೆಗೆ ಒಳಪಟ್ಟ ಬಡಾವಣೆಯಾದರೆ ನಗರ ಭೂಮಾಪನ ಕಚೇರಿಯಲ್ಲಿ ಸಿಟಿಎಸ್ ಉತಾರದಲ್ಲಿಯೂ ಹೆಸರು ಏರಬೇಕು. ಹಳ್ಳಿಯಲ್ಲಾದರೆ ಪಂಚಾಯಿತಿಯ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11 ನಿಮ್ಮ ಹೆಸರಿನಲ್ಲಿ ಬರಬೇಕು. ಬಳಿಕ ಋಣಭಾರ ಪತ್ರ ತೆಗೆಸಿ, ಅದರಲ್ಲಿ ನಿಮ್ಮ ಖರೀದಿ ನಮೂದಾಗಿದೆಯೇ, ಹಳೆಯ ಬೋಜಾ (ಸಾಲದ ಹೊರೆ) ಏನಾದರೂ ಉಳಿದಿದೆಯೇ ಎಂದು ನೋಡಿ.

ಹಂಚಿಕೆದಾರರು ತೀರಿಕೊಂಡಿದ್ದರೆ

ನಮ್ಮ ಮನೆಯ ಪ್ರಕರಣ ಇದೇ. ಮೊದಲು ಮರಣ ಪ್ರಮಾಣಪತ್ರ, ನಂತರ ನಾಡಕಚೇರಿಯಿಂದ ವಂಶಾವಳಿ, ಅದರ ಮೇಲೆ ಎಲ್ಲ ವಾರಸುದಾರರ ಒಪ್ಪಿಗೆ. ಇವುಗಳೊಂದಿಗೆ ಸಂಸ್ಥೆಯಲ್ಲಿ ವಾರಸಾ ಮಾಡಿಸಿ ಹಂಚಿಕೆಯನ್ನು ವಾರಸುದಾರರ ಹೆಸರಿಗೆ ತಂದ ಬಳಿಕವೇ ಖರೀದಿ ಪತ್ರ. ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಉಯಿಲು ಬರೆಯದೆ ತೀರಿದ ಗಂಡಸಿನ ಆಸ್ತಿಗೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ಅವನ ತಾಯಿ ಸಮಾನ ಹಕ್ಕುದಾರರು. ಈ ಕೊನೆಯ ಹೆಸರನ್ನು ಬಹಳ ಮಂದಿ ಮರೆಯುತ್ತಾರೆ. ಅಜ್ಜಿ ಬದುಕಿದ್ದರೆ ಅವಳ ಹೆಸರೂ ವಂಶಾವಳಿಯಲ್ಲಿ ಬರಬೇಕು. ಮುಸ್ಲಿಂ ಮತ್ತು ಕ್ರೈಸ್ತ ಕುಟುಂಬಗಳಿಗೆ ಅವರವರ ಉತ್ತರಾಧಿಕಾರದ ನಿಯಮ ಅನ್ವಯವಾಗುತ್ತದೆ.

ಮದುವೆಯಾಗಿ ಹೋದ ಅಕ್ಕತಂಗಿಯರ ಸಹಿಯನ್ನು "ಆಮೇಲೆ ತಗೊಂಡರಾತು" ಎಂದು ಬಿಟ್ಟು ಅರ್ಜಿ ಕೊಡಬೇಡಿ. ನನ್ನ ಅಕ್ಕ ಜಮಖಂಡಿಯಲ್ಲಿದ್ದಾಳೆ, ತಂಗಿ ಸೊಲ್ಲಾಪುರದಲ್ಲಿ. ಇಬ್ಬರನ್ನೂ ಕರೆಸಿ, ಏನು ಬರೆಯುತ್ತಿದ್ದೇವೆ ಎಂದು ಓದಿ ಹೇಳಿ, ಮನೆಯನ್ನು ಅವ್ವನ ಹೆಸರಿಗೆ ಮಾಡುವುದಕ್ಕೆ ಎಲ್ಲರೂ ಒಪ್ಪಿದ ಮೇಲೆ ಸಹಿ ಹಾಕಿಸಿದೆವು. ಪಾಲು ಬಿಡುವುದೇ ಆದರೆ ಅದು ನೋಂದಾಯಿತ ಹಕ್ಕು ಬಿಡುಗಡೆ ಪತ್ರದ ಮೂಲಕ ಆಗಬೇಕು. ಖಾಲಿ ಬಾಂಡಿನ ಮೇಲಿನ ಸಹಿಗೆ ಬೆಲೆಯಿಲ್ಲ, ಸಂಬಂಧವೂ ಕೆಡುತ್ತದೆ.

ಬಾಂಡ್ ಪೇಪರಿನ ಮೇಲೆ ಕೊಂಡವರು

ಪರಭಾರೆ ಮಾಡಬಾರದ ಅವಧಿಯಲ್ಲಿಯೇ ಹಂಚಿಕೆದಾರರಿಂದ ಬಾಂಡ್ ಮೇಲೆ ಅಥವಾ ಮುಖ್ತ್ಯಾರ ಪತ್ರದ (ಪವರ್ ಆಫ್ ಅಟಾರ್ನಿ) ಮೇಲೆ ಮನೆ ಕೊಂಡು ಹತ್ತಾರು ವರ್ಷದಿಂದ ಇರುವವರು ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ಮೂರೂ ಜಿಲ್ಲೆಗಳಲ್ಲಿ ಬಹಳ. ಕರಾರು ಪತ್ರ, ಮುಖ್ತ್ಯಾರ ಪತ್ರ, ಉಯಿಲು ಇವು ಮೂರನ್ನು ಕೂಡಿಸಿದರೂ ಅದು ಮಾರಾಟವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಖಚಿತವಾಗಿ ಹೇಳಿದೆ. ಅಂತಹವರಿಗೆ ಇರುವ ನೇರ ದಾರಿಯೆಂದರೆ ಮೂಲ ಹಂಚಿಕೆದಾರರನ್ನು, ಅವರಿಲ್ಲದಿದ್ದರೆ ವಾರಸುದಾರರನ್ನು ಹುಡುಕಿ, ಮೊದಲು ಅವರ ಹೆಸರಿಗೆ ಖರೀದಿ ಪತ್ರವಾಗುವಂತೆ ಸಹಕರಿಸಿ, ನಿಷೇಧದ ಅವಧಿ ಕಳೆದ ಮೇಲೆ ಅವರಿಂದ ನೋಂದಾಯಿತ ಪತ್ರ ಪಡೆಯುವುದು. ಇದಕ್ಕೆ ಅವರು ಮತ್ತೆ ಹಣ ಕೇಳುತ್ತಾರೆ. ಕೇಳಿದರೂ ಬೇರೆ ಉಪಾಯ ತೋರಿಸುವ ಏಜೆಂಟರಿಗಿಂತ ಇದೇ ಅಗ್ಗ.

ಮಾರಬಾರದು ಎಂಬ ಆ ಷರತ್ತನ್ನೇ ತೆಗೆದುಹಾಕಲಿ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಇಂಗ್ಲೆಂಡಿನಲ್ಲಿ 1980ರ ವಸತಿ ಕಾಯ್ದೆ ನಗರಾಡಳಿತದ ಮನೆಗಳ ಬಾಡಿಗೆದಾರರಿಗೆ ರಿಯಾಯಿತಿ ಬೆಲೆಯಲ್ಲಿ ಅದೇ ಮನೆ ಕೊಳ್ಳುವ ಹಕ್ಕು ಕೊಟ್ಟಿತು. ಲಕ್ಷಾಂತರ ದುಡಿಯುವ ಕುಟುಂಬಗಳು ಮನೆಯೊಡೆಯರಾದವು, ಅದು ಸಣ್ಣ ಮಾತಲ್ಲ. ಆದರೆ ಮಾರಿದಷ್ಟು ಮನೆಗಳನ್ನು ಮತ್ತೆ ಕಟ್ಟಲಿಲ್ಲ. ಮಾರಿದ ಮನೆಗಳಲ್ಲಿ ಬಹಳಷ್ಟು ಮುಂದೆ ಖಾಸಗಿ ಬಾಡಿಗೆಯ ಮನೆಗಳಾದವು, ಹೊಸದಾಗಿ ಮನೆ ಬೇಕಾದ ಬಡವರಿಗೆ ಪಾಳಿ ಉದ್ದವಾಯಿತು. ಸ್ಕಾಟ್ಲೆಂಡ್ 2016ರಲ್ಲಿ, ವೇಲ್ಸ್ 2019ರಲ್ಲಿ ಆ ಹಕ್ಕನ್ನೇ ನಿಲ್ಲಿಸಿದವು. ವಾಸವಿರುವವರಿಗೆ ಮಾರಲಿ, ಕೆಲವು ವರ್ಷ ಕೈ ಬದಲಾಗದಿರಲಿ, ಬಂದ ಹಣ ಅದೇ ಊರಿನಲ್ಲಿ ಮುಂದಿನವರ ಮನೆಗೆ ಹೋಗಲಿ ಎಂಬ ಮೂರೂ ಒಟ್ಟಿಗೆ ಇದ್ದರೆ ಮಾತ್ರ ನನ್ನ "ಹೌದು" ನಿಲ್ಲುತ್ತದೆ.

ಕಡತ ನಿಂತರೆ

ಅರ್ಜಿಯನ್ನು ಕೈಯಲ್ಲಿ ಕೊಟ್ಟು ಬರಬೇಡಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಆ ಸೇವೆ, ಗಡುವಿನೊಳಗೆ ಕೆಲಸ ಮಾಡಿಕೊಡಬೇಕೆನ್ನುವ 2011ರ ಸಕಾಲ ಕಾಯ್ದೆಯ ಪಟ್ಟಿಯಲ್ಲಿದ್ದರೆ ಸಕಾಲ ಸಂಖ್ಯೆ ಕೇಳಿ ಪಡೆಯಿರಿ, ಗಡುವು ಮೀರಿದರೆ ಮೇಲ್ಮನವಿ ಹಾಕಬಹುದು. ಇಲ್ಲದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ: ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ, ಉತ್ತರಕ್ಕೆ 30 ದಿನ. "ನನ್ನ ಕೆಲಸ ಯಾಕೆ ಆಗಿಲ್ಲ" ಎಂದು ಬರೆದರೆ ಉತ್ತರ ಬರುವುದಿಲ್ಲ. "ಇಂಥ ದಿನಾಂಕದ ನನ್ನ ಅರ್ಜಿಯ ಕಡತದ ಟಿಪ್ಪಣಿ ಹಾಳೆಗಳ ನಕಲು ಕೊಡಿ" ಎಂದು ಬರೆಯಿರಿ. ಕಡತ ಯಾವ ಮೇಜಿನ ಮೇಲೆ ಎಷ್ಟು ದಿನ ಕೂತಿತ್ತು ಎಂಬುದು ಆ ಹಾಳೆಗಳಲ್ಲಿ ಇರುತ್ತದೆ. ನಮ್ಮ ಕಡತ ಸರಿದದ್ದು ಈ ಅರ್ಜಿಯ ನಂತರವೇ.

ವಕೀಲರ ನೆರವು ಬೇಕಾದರೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ಸೇವೆ ಉಚಿತ. ಹಣ ತೀರಿ, ಅವಧಿ ಮುಗಿದು, ಎಲ್ಲ ಕಾಗದ ಕೊಟ್ಟ ಮೇಲೂ ಸಂಸ್ಥೆ ಪತ್ರ ಮಾಡಿಕೊಡದಿದ್ದರೆ ಹೈಕೋರ್ಟಿನಲ್ಲಿ ರಿಟ್ ಅರ್ಜಿಗೆ ಅವಕಾಶವಿದೆ. ಬೆಳಗಾವಿ ಮತ್ತು ಬಾಗಲಕೋಟೆಯವರು ಧಾರವಾಡ ಪೀಠಕ್ಕೆ, ವಿಜಯಪುರದವರು ಕಲಬುರಗಿ ಪೀಠಕ್ಕೆ ಹೋಗಬೇಕು. ಅಷ್ಟು ದೂರ ಹೋಗುವ ಪ್ರಸಂಗ ಬರಲಿ, ಬಿಡಲಿ, ಟ್ರಂಕಿನಲ್ಲಿರುವ ಚಲನ್‌ಗಳನ್ನು ಈ ವಾರವೇ ಹೊರಗೆ ತೆಗೆದು, ದಿನಾಂಕದ ಸಾಲಿನಲ್ಲಿ ಜೋಡಿಸಿ ಎರಡು ಪ್ರತಿ ಝೆರಾಕ್ಸ್ ಮಾಡಿಸಿಡಿ. ಮುದ್ರೆಯ ಶಾಯಿ ವರ್ಷ ಕಳೆದಂತೆ ಅಳಿಸುತ್ತಾ ಹೋಗುತ್ತದೆ.